ಓರೆಪಟ್ಟಿ

"ನಿಲ್ಲಿಸ್ರಿ ಬಾವಾ, ನಿಲ್ಲಿಸ್ರಿ!" ಎಂದು ಸಾಯಿ ಕೂಗಿಕೊಳ್ಳುವಷ್ಟರಲ್ಲಿ ಉಕ್ಕು ಕಡೆಯುವ ಲೇತು ಒಮ್ಮೆ ನರಳಿ, ಹೊಸದಾಗಿ ಕೂರಿಸಿದ್ದ ಪಟ್ಟಿ ಸೆಟೆದು ನಿಂತಿತ್ತು. ರಮಾಕಾಂತ ಎಡಗೈಯಿಂದ ಮೋಟಾರು ಆರಿಸಿದ. ಬಲಗೈ ಎತ್ತುವ ಹಾಗಿರಲಿಲ್ಲ. ಭುಜ ಹಿಡಿದುಕೊಂಡು ವರ್ಷದ ಮೇಲಾಗಿತ್ತು.

ವಿಶಾಖಪಟ್ಟಣದ ಮೀನುಬಂದರಿನ ಹಿಂದಿನ ಆ ಶೆಡ್ಡಿಗೆ ದೋಣಿಗಳ ಪ್ರೊಪೆಲ್ಲರ್ ಶಾಫ್ಟುಗಳೇ ಅನ್ನ. ಶಾಫ್ಟಿನ ತುದಿ ಒಂದೇ ಸಮನೆ ಸಣ್ಣಗಾಗುತ್ತ ಹೋಗಿ ಪ್ರೊಪೆಲ್ಲರಿನ ತೂತಿನಲ್ಲಿ ಕಚ್ಚಿ ಕೂರಬೇಕು. ಕೂದಲೆಳೆಯಷ್ಟು ತಪ್ಪಿದರೂ ನಡುಸಮುದ್ರದಲ್ಲಿ ಸಡಿಲಾಗುತ್ತದೆ. ಆ ಟೇಪರನ್ನು ರಮಾಕಾಂತ ಇಷ್ಟು ವರ್ಷ ಎರಡೂ ಕೈಯಿಂದ ಹಿಡಿಕೆ ತಿರುವುತ್ತ ತೆಗೆದಿದ್ದ. ಹುಬ್ಬಳ್ಳಿಯವನು ಇಲ್ಲಿಯ ದುರ್ಗಾಂಬಳನ್ನು ಮದುವೆಯಾಗಿ ಇಲ್ಲೇ ನೆಲೆ ನಿಂತದ್ದೂ ಆ ಕೈಯ ಬಲದಿಂದಲೇ. ಅವಳ ತಮ್ಮ ಸಾಯಿ ಉಳಿದ ಕೆಲಸವೆಲ್ಲ ಕಲಿತಿದ್ದ, ಭಾವನ ಕನ್ನಡವನ್ನೂ ತೆಲುಗಿನ ರಾಗದಲ್ಲಿ ಕಲಿತಿದ್ದ. ಟೇಪರು ಮಾತ್ರ ಅವನ ಕೈಗೆ ಹತ್ತಲಿಲ್ಲ.

ದುರ್ಗಾಂಬ ಈಗ ವಿಜಯವಾಡದ ಪಟಮಟದಲ್ಲಿ, ಮಗಳು ಜಾಹ್ನವಿಯ ಮನೆಯಲ್ಲಿದ್ದಳು. ಮಗಳು ಬ್ಯಾಂಕಿನ ಕೆಲಸಕ್ಕೆ ಮರಳಿದ್ದಳು. ಕೂಸು ಅಜ್ಜಿಯ ಸೊಂಟದ ಮೇಲೆ, ಅಜ್ಜಿಗೋ ಮೊಣಕಾಲು ನೋವು. "ನೀವೂ ಬಂದ್ಬಿಡ್ರಿ, ನನ್ನ ಒಬ್ಬಾಕಿ ಕೈಲೆ ಆಗೂದಿಲ್ಲ" ಎಂದು ಅತ್ತೆಯಿಂದ ಕಲಿತ ಕನ್ನಡದಲ್ಲಿ ದುರ್ಗಾಂಬ ಫೋನು ಮಾಡಿದಾಗಲೆಲ್ಲ ಅವನದು ಒಂದೇ ಉತ್ತರ: "ನಾ ಬಂದ್ರ ಟೇಪರ್ ತಗ್ಯಾವ್ರ ಯಾರು? ತಾನ ತಗ್ಯೂವಂಥಾ ಪಟ್ಟಿ ಒಂದು ಕೂಡಿಸಿ ಬರ್ತೀನಿ, ತಡಿ."

ಮೊದಮೊದಲು ಅದು ಬರೀ ನೆಪ. ಅವಳೇನು ಕಮ್ಮಿಯೇ, ಪಟ್ಟಿ ಎಲ್ಲಿಗೆ ಬಂತೆಂದು ದಿನಾ ವಿಚಾರಿಸತೊಡಗಿದಳು. ಆಡಿದ ಮಾತಿಗೆ ಕಟ್ಟುಬಿದ್ದು ಅವನು ಗುಜರಿಯಿಂದ ಉಕ್ಕು ತಂದ, ಉಜ್ಜಿದ, ಲೇತಿನ ಬೆನ್ನಿಗೆ ಓರೆಯಾಗಿ ಬಿಗಿದ. ಅದರ ಮೇಲೆ ಜಾರುವ ತುಂಡೊಂದು, ಉಕ್ಕು ಕೆತ್ತುವ ಟೂಲನ್ನು ಓರೆಯ ಗುಂಟ ಎಳೆದೊಯ್ಯಬೇಕು. ಅದಕ್ಕೂ ಮೊದಲು ಟೂಲನ್ನು ಹಿಡಿದಿಡುವ ಹಳೆಯ ಸ್ಕ್ರೂವಿನ ನಟ್ಟು ಬಿಚ್ಚಬೇಕು. ಇಲ್ಲವಾದರೆ ಪಟ್ಟಿ ಎಳೆಯುತ್ತದೆ, ಸ್ಕ್ರೂ ಬಿಡುವುದಿಲ್ಲ. ಆ ನಟ್ಟನ್ನೇ ಅವನು ಬಿಚ್ಚಿರಲಿಲ್ಲ.

"ಮೊದ್ಲ ಅದನ್ನ ಬಿಚ್ಬೇಕು ಅಂತ ಮುಂಜಾನೆ ನೀವ ಅಂದ್ರಲ್ಲಾ ಬಾವಾ?" ಎಂದ ಸಾಯಿ, ಬಗ್ಗಿ ನೋಡಿ.

"ಮರ್ತೆ."

ಮರೆತದ್ದು ಹೌದೋ ಅಲ್ಲವೋ ಅವನಿಗೇ ತಿಳಿಯಲಿಲ್ಲ. ಪಟ್ಟಿ ಬಾಗಿದ್ದರೆ ಇನ್ನೊಂದು ತಿಂಗಳು ಸಿಗುತ್ತಿತ್ತು ಎಂಬ ಯೋಚನೆ ಬಂದದ್ದಂತೂ ನಿಜ, ಬಂದೊಡನೆ ನಾಚಿಕೆಯಾದದ್ದೂ ನಿಜ. ನಾಚಿಕೆಗಿಂತ ದಣಿವೇ ಹೆಚ್ಚಾಯಿತು. ಅಲ್ಲಿ ಅವಳು ಮೊಣಕಾಲು ಎಳೆದುಕೊಂಡು ಕೂಸು ಹೊತ್ತು ತಿರುಗುತ್ತಿದ್ದಾಳೆ, ಇಲ್ಲಿ ತಾನು ಕಬ್ಬಿಣದ ಜೊತೆ ಆಟ ಹೂಡಿದ್ದೇನೆ. ಪಟ್ಟಿ ಬಾಗಿರಲಿಲ್ಲ. ಗಟ್ಟಿಯಾಗಿ ಮಾಡಿದವನು ಅವನೇ ತಾನೇ.

"ನೀನ ಬಿಚ್ಚು," ಎಂದ. "ನೀನ ನಡಸು."

ಸಾಯಿ ನಟ್ಟು ಬಿಚ್ಚಿ ಮೋಟಾರು ಹಾಕಿದ. ಟೂಲು ತನ್ನಷ್ಟಕ್ಕೆ ಓರೆಯಾಗಿ ಸರಿಯುತ್ತ ಹೋಯಿತು, ಉಕ್ಕಿನ ಸುರುಳಿ ಕೆಳಗೆ ಬಿತ್ತು. ಸಾಯಿಯ ಎರಡೂ ಕೈ ಖಾಲಿ. ಎಲ್ಲಿಡಬೇಕೆಂದು ತಿಳಿಯದೆ ಒಂದನ್ನು ಜೇಬಿಗೆ ತುರುಕಿದ. ರಮಾಕಾಂತನಿಗೆ ಅದನ್ನು ನೋಡಲಾಗಲಿಲ್ಲ.

ತುದಿಗೆ ನೀಲಿ ಬಣ್ಣ ತೆಳ್ಳಗೆ ಸವರಿ, ಪ್ರೊಪೆಲ್ಲರಿಗೆ ತೂರಿಸಿ, ಒಂಚೂರು ತಿರುವಿ ಹೊರತೆಗೆದರು. ತಾಗಿದ ಕಡೆ ನೀಲಿ ಅಳಿಸಿರುತ್ತದೆ. ಬುಡದಿಂದ ತುದಿಯವರೆಗೆ ಒಂದೇ ಸಮ ಅಳಿಸಿತ್ತು. ಅವನ ಕೈಯಿಂದಲೂ ಎಂದೂ ಅಷ್ಟು ಚೆನ್ನಾಗಿ ಬಂದಿರಲಿಲ್ಲ.

"ಚಾಲಾ ಬಾಗುಂದಿ ಬಾವಾ!" ಬಹಳ ಚೆನ್ನಾಗಿ ಬಂತೆನ್ನುವ ಖುಷಿಗೆ ಸಾಯಿ ಕನ್ನಡವನ್ನೇ ಮರೆತ. ಆಮೇಲೆ ನೆನಪಾಗಿ, "ಇನ್ನ ನೀವು ಅರಾಮ ಇರ್ರಿ. ಎಲ್ಲಾ ನಾ ನೋಡ್ಕೋತೀನಿ" ಎಂದ. ಆ ಮಾತಿನಲ್ಲಿ ಬರೀ ಪ್ರೀತಿಯಿತ್ತು. ಅದಕ್ಕೇ ಹೆಚ್ಚು ನೋಯಿತು.

ಮಧ್ಯಾಹ್ನ ದುರ್ಗಾಂಬಳ ಫೋನು ಬಂತು. ಹಿಂದೆ ಕೂಸು ಅಳುತ್ತಿತ್ತು.

"ಪಟ್ಟಿ ಏನಾತ್ರಿ?"

ಬಾಗಿತು ಎಂದರೆ ನಂಬುತ್ತಿದ್ದಳು. ಸಾಯಿಯೂ ಭಾವನ ಮಾತು ಮೀರುವವನಲ್ಲ.

"ಆತು," ಎಂದ ರಮಾಕಾಂತ.

ಅವಳು ಕೂಸನ್ನು ರಮಿಸಿ ಮತ್ತೆ ಫೋನಿಗೆ ಬಂದಳು. "ಊಟ ಮಾಡೀರಿಲ್ಲೋ?"

"ಮಾಡ್ತೀನಿ. ನಾಳೆ ಗಾಡಿಗೆ ಬರ್ತೀನಿ."

ಒಳಗೆ ಸಾಯಿ ಮುಂದಿನ ಶಾಫ್ಟು ಏರಿಸಿದ್ದ. ಭಾವನನ್ನು ಕರೆಯಲಿಲ್ಲ. ರಮಾಕಾಂತ ಬಾಗಿಲ ಬಳಿ, ಶಾಫ್ಟಿಗಾಗಿ ಕಾಯುವ ದೋಣಿಯವರು ಕೂರುವ ಬೆಂಚಿನ ಮೇಲೆ ಹೋಗಿ ಕೂತ. ಅಲ್ಲಿಂದ ಲೇತು ಕಾಣುವುದೇ ಇಲ್ಲ, ನಡೆಸುವವನ ಬೆನ್ನಷ್ಟೇ ಕಾಣುತ್ತದೆ ಎಂಬುದು ಅವನಿಗೆ ಈವರೆಗೆ ಗೊತ್ತಿರಲಿಲ್ಲ.