ಅಣ್ಣಾರು ಹೇಳ್ಯಾರ

ಉಡಚಪ್ಪಗ ಸ್ವಂತದ್ದು ಅಂತ ಒಂದು ಮಾತ ಇದ್ದಿಲ್ಲ. ಬಾಯಿ ತಗದ್ರ ಸಾಕು, "ಅಣ್ಣಾರು ಹೇಳ್ಯಾರ" ಅಂತಿದ್ದ. ಕೇರ್ಯಾಗ ನಳ ಎಲ್ಲಿ ಹಾಕಬೇಕು? ಅಣ್ಣಾರು ಹೇಳ್ಯಾರ. ಮಕ್ಕಳನ್ನ ಯಾವ ಸಾಲಿಗೆ ಹಚ್ಚಬೇಕು? ಅಣ್ಣಾರು ಹೇಳ್ಯಾರ. ಒಮ್ಮೆ ಅವನ ಹೆಂಡ್ತಿ ಶೇವಂತೆವ್ವ ತಲಿ ಕೆಟ್ಟು, "ಇವತ್ತು ಪುಂಡಿಪಲ್ಯಾ ಮಾಡ್ಲೋ, ಬ್ಯಾಳಿ ಮಾಡ್ಲೋ, ನಿಮ್ಮ ಅಣ್ಣಾರ್ನ ಕೇಳ್ಕೊಂಡ ಬಾ ಹೋಗು" ಅಂದಿದ್ದಳು. ಅದಕ್ಕೂ ಆ ಪುಣ್ಯಾತ್ಮ ನಕ್ಕ, ಸಿಟ್ಟಿಗೇನ ಬರಲಿಲ್ಲ.

ಅಣ್ಣಾರು ಅಂದ್ರ ಅರ್ಜುನಪ್ಪ. ಬೈರಿದೇವರಕೊಪ್ಪದ ಕೇರಿಯೊಳಗ ಮೊದಲ ಮ್ಯಾಟ್ರಿಕ್ ಪಾಸಾದಾಂವ, ಹುಬ್ಬಳ್ಳಿ ರೇಲ್ವೆ ವರ್ಕಶಾಪಿನ್ಯಾಗ ಕ್ಲಾರ್ಕ. ಬಿಳಿ ಅಂಗಿ, ಬಿಳಿ ಧೋತರ, ಕಿಸೆದಾಗ ಪೆನ್ನು. ಗೌಡರ ಪಡಸಾಲ್ಯಾಗ ತಾನಾಗಿ ಕುರ್ಚಿ ಎಳಕೊಂಡು ಕುಂತ ನಮ್ಮ ಮಂದ್ಯಾಗಿನ ಮೊದಲನೇ ಮನುಷ್ಯಾ. ಸುಳ್ಳ್ಯಾಕ ಹೇಳಬೇಕು, ಅವನಿಂದ ಕೇರಿಗೆ ಭಾಳ ಛಲೋ ಆಗಿತ್ತು. ನಳ ಬಂದಿತ್ತು, ಸಾಲಿ ಬಂದಿತ್ತು, ಎಷ್ಟೋ ಮನ್ಯಾಗ ಒಬ್ಬೊಬ್ಬರಿಗೆ ವರ್ಕಶಾಪಿನ ಕೆಲಸಾ ಸಿಕ್ಕಿತ್ತು. ಉಡಚಪ್ಪಗೂ ಫಿಟ್ಟರನ ಕೈಯಾಗ ಹೆಲ್ಪರ್ ಕೆಲಸಾ ಕೊಡಿಸಿದಾಂವ ಅವನ. ಬಗ್ಗಿದ ಬೆನ್ನ ಹಿಡದು ನೆಟ್ಟಗ ನಿಲ್ಲಿಸಿದವನ ಮಾತು ಮೀರೂದು ಹಗುರ ಅಲ್ಲ ಬಿಡ್ರಿ.

ನಾಗಪುರದಾಗ ಬಾಬಾಸಾಹೇಬರು ಬೌದ್ಧ ದೀಕ್ಷಾ ತಗೊಂಡ ಮರುವರ್ಷ ಅರ್ಜುನಪ್ಪ ಕೇರಿ ಮಂದೀನೆಲ್ಲಾ ಕೂಡಿಸಿದ. ಬಾಬಾಸಾಹೇಬರ ಫೋಟೋದ ಮುಂದ ಮೇಣಬತ್ತಿ ಹಚ್ಚಿ ಪ್ರತಿಜ್ಞಾ ಮಾಡಿಸಿದ. ಸತ್ತ ದನಾ ಹೊರೂದಿಲ್ಲ. ಯಾರ ಬಾಗಿಲ ಮುಂದೂ, ಯಾರ ಮೆರವಣಿಗ್ಯಾಗೂ ಹಲಗಿ ಬಾರಸೂದಿಲ್ಲ. "ಊರವರು ನಮ್ಮ ಕೊರಳಿಗೆ ಹಾಕಿದ ಹಗ್ಗ ಇದು, ಇವತ್ತ ಕಡೀರಿ" ಅಂದ. ಕೇಳಿದವರ ಕಣ್ಣಾಗ ನೀರ ಬಂತು. ಮನಿಮನಿಯಿಂದ ಹಲಗಿ ತಂದು ಒಂದ ಕಡೆ ಒಟ್ಟಿ ಬೆಂಕಿ ಹಚ್ಚಿದ್ರು.

ಹುಚ್ಚಪ್ಪ ಒಬ್ಬನ ತನ್ನ ಹಲಗಿ ಎದಿಗೆ ಅವಚಿಕೊಂಡು ಕುಂತಿದ್ದ. ಈ ಹುಚ್ಚಪ್ಪ ಉಡಚಪ್ಪನ ಅವ್ವನ ಖಾಸ ತಮ್ಮ, ಮ್ಯಾಲೆ ಶೇವಂತೆವ್ವನ ಅಪ್ಪ. ಸೋದರಮಾವನೂ ಅವನ, ಹೆಣ್ಣ ಕೊಟ್ಟ ಮಾವನೂ ಅವನ. ಸುತ್ತಲ ಹಳ್ಳ್ಯಾಗ ಅವನಂಗ ಹಲಗಿ ಬಾರಸವರು ಇದ್ದಿಲ್ಲ. ಹುಲ್ಲಿನ ಉರಿಗೆ ಹಲಗಿ ಕಾಸಿ, ಬೆರಳಿಲೆ ತಟ್ಟಿ, ಕಿವಿಗೊಟ್ಟು ಕೇಳಿ, ಮತ್ತ ಕಾಸಿ, ಆಮ್ಯಾಲೆ ಸುರು ಮಾಡಿದನಂದ್ರ ರೊಟ್ಟಿ ಬಡಿಯೋ ಹೆಣ್ಮಕ್ಕಳು ಹಿಟ್ಟಿನ ಕೈಯಿಂದನ ಹೊರಗ ಬರತಿದ್ರು.

"ಇದು ನಮ್ಮಪ್ಪಂದೈತ್ರಿ ಅಣ್ಣಾರ. ಬಾರಸೂದಿಲ್ಲ, ಗ್ವಾಡಿಗೆ ತೂಗಹಾಕಿ ಇಟಗೋತೇನಿ" ಅಂದ ಹುಚ್ಚಪ್ಪ.

ಅರ್ಜುನಪ್ಪ ಉಡಚಪ್ಪನ ಮಾರಿ ನೋಡಿದ, ಅಷ್ಟ. ಉಡಚಪ್ಪ ಮಾವನ ಕೈಯಾಗಿಂದ ಹಲಗಿ ಕಸಗೊಂಡ, ಚರ್ಮಾ ಕೊಯ್ಯೋ ರಂಪಿಯಿಂದ ಅಡ್ಡ ಸೀಳಿದ, ಉರಿಯೊಳಗ ಒಗದ. "ಅಣ್ಣಾರು ಹೇಳ್ಯಾರ, ಮಾವ" ಅಂದ. ಅಣ್ಣಾರು ಎಲ್ಲಿ ಹೇಳಿದ್ರು? ಬರೇ ನೋಡಿದ್ರು.

ಹುಚ್ಚಪ್ಪ ಅವತ್ತು ಪ್ರತಿಜ್ಞಾ ಮಾಡಿದ, ಮಾಡಿದ್ದನ್ನ ನಡಿಸಿದ. ಮುಂದ ಅವನ ಹೆಂಡ್ತಿ ಮುದಕವ್ವ ತೀರಿಕೊಂಡಳು. ನಮ್ಮ ಮಂದ್ಯಾಗ ಹೆಣದ ಮುಂದ ಹಲಗಿ ಇಲ್ಲದ ಮಣ್ಣಿಗೆ ಹೋಗೂ ಪದ್ಧತಿನ ಇಲ್ಲ. "ಇದು ನಮ್ಮನಿ ಸಾವೋ ಮಾರಾಯಾ, ಯಾರ ಚಾಕರಿ ಐತಿ ಇದರಾಗ? ಬ್ಯಾರೆ ಊರಿಂದರ ಕರಸೋಣು" ಅಂತ ಹಿರ್ಯಾರು ಅಂದ್ರು. "ಬ್ಯಾಡ್ರಿ, ಮಾತ ಕೊಟ್ಟೇನಿ" ಅಂದ ಹುಚ್ಚಪ್ಪ. ಮುದಕವ್ವ ಸಪ್ಪಳಿಲ್ಲದ ಮಣ್ಣಿಗೆ ಹೋದಳು. ದಾರಿ ತುಂಬ ಮುದುಕನ ಬೆರಳು ತೊಡಿ ಮ್ಯಾಲೆ ಆಡಾಕತ್ತಿದ್ದು ಉಡಚಪ್ಪ ನೋಡಿದ. ನೋಡಿ ಮಾರಿ ಆ ಕಡೆ ಹೊಳ್ಳಿಸಿದ.

ಆಮ್ಯಾಲೆ ಅರವತ್ತೆರಡರ ಇಲೆಕ್ಷನ್ ಬಂತು. ಅರ್ಜುನಪ್ಪ ನೌಕರಿ ಬಿಟ್ಟು ನಿಲ್ಲಾಕ ತಯಾರಾದ. ಟಿಕೀಟು ಇನ್ನೂ ಕೈಗೆ ಬಂದಿದ್ದಿಲ್ಲ. ಪಾರ್ಟಿಯ ಮಂತ್ರಿಯೊಬ್ರು ಧಾರವಾಡದಿಂದ ಹುಬ್ಬಳ್ಳಿಗೆ ಹೋಗೂ ಮುಂದ ಬೈರಿದೇವರಕೊಪ್ಪದಾಗ ಸಭಾ ಮಾಡೂದು ಅಂತ ಠರಾವಾತು. ಅರ್ಜುನಪ್ಪ ಉಡಚಪ್ಪನ್ನ ಮನಿಗೆ ಕರಿಸಿ, ಚಹಾ ಕೊಡಿಸಿ, ಸಾವಕಾಶ ಮಾತ ತಗದ.

"ಮಂತ್ರಿಗಳಿಗೆ ಹಲಗಿ ಅಂದ್ರ ಭಾಳ ಸೇರತೈತೆಂತ. ನಿಮ್ಮ ಕೇರಿ ಹಲಗಿ ಮೆರವಣಿಗಿ ಮುಂದ ಇರಲಿ ಅಂತ ಪಾರ್ಟಿಯವರು ಕೇಳ್ಯಾರ."

ಉಡಚಪ್ಪಗ ಚಹಾ ನೆತ್ತಿಗೇರಿತು. "ಅಣ್ಣಾರ, ಪ್ರತಿಜ್ಞಾ..."

"ಅದು ಬಿಟ್ಟಿ ಚಾಕರಿ ಬಿಡಾಕ ಮಾಡಿದ ಪ್ರತಿಜ್ಞಾಪಾ. ಇದು ಕಲಾ. ನಾ ಆರಿಸಿ ಬಂದ್ರ ಯಾರಿಗೆ ಛಲೋದು, ಕೇರಿಗೇ ಹೌದಲ್ಲೋ?"

"ಹೌದ್ರಿ" ಅಂದ ಉಡಚಪ್ಪ. ಕಲಾ ಅಂದ್ರೇನು ಅಂತ ಅವಗೇನ ಗೊತ್ತು, ಮಣ್ಣು! ಅಣ್ಣಾರು ಕೇಳಿದ್ರು, ಹೌದ್ರಿ ಅಂದ.

ಮರುದಿನ ಸೈಕಲ್ ತುಳಕೊಂಡು ಉಪ್ಪಿನಬೆಟಗೇರಿ ಬೀಗರ ಕಡೆ ಹೋದ. ಅವರು ಅವನ್ನ ಕುಂದರಿಸಿ, ನೀರ ಕೊಟ್ಟು, ಹೊಟ್ಟಿ ಹಿಡಕೊಂಡು ನಕ್ಕರು. "ಹಲಗಿ ಬಿಡ್ರಿ ಅಂತ ಇದ ಸೈಕಲ್ ಮ್ಯಾಲೆ ಬಂದು ಹೇಳಿದಾಂವ ನೀನ ಅಲ್ಲೇನೋ? ಈಗ ಹಿಡೀರಿ ಅನ್ನಾಕ ಬಂದೀಯೇನು?" ಬಾರಸವರು ಒಬ್ರೂ ಏಳಲಿಲ್ಲ. ಅಟ್ಟದ ಮ್ಯಾಲೆ ಬಿದ್ದಿದ್ದ ಹಳೇ ಹಲಗಿ ಒಂದನ್ನ ಧೂಳ ಝಾಡಿಸಿ ಅವನ ಕೈಯಾಗ ಕೊಟ್ಟು ಕಳಿಸಿದ್ರು. ಇನ್ನ ಉಳಿದಾಂವ ಮಾವ ಒಬ್ಬನ.

ಹುಚ್ಚಪ್ಪ ಕಟ್ಟಿ ಮ್ಯಾಲೆ ಕುಂತು ಹಗ್ಗ ಹೊಸ್ಯಾಕತ್ತಿದ್ದ. ಉಡಚಪ್ಪ ಹಲಗಿ ಅವನ ಮುಂದ ಇಟ್ಟ. "ಅಣ್ಣಾರು..." ಅಂತ ಸುರು ಮಾಡಿದಾಂವ ನಡುವ ನಿಂತ. ಈ ಮನುಷ್ಯಾನ ಮುಂದ ಆ ಮಾತು ನಾಲಿಗಿಗೆ ಬರಲಿಲ್ಲ.

"ಮಾವ, ಒಂದ ಸರ್ತಿ. ಒಪ್ಪಕೊಂಡ ಬಂದೇನಿ. ನೀ ಬರದಿದ್ರ ನನ್ನ ಮಾನ ಹೋಕ್ಕೈತಿ" ಅಂತ ಮುದುಕನ ಎರಡೂ ಕೈ ಹಿಡಕೊಂಡ.

ಹುಚ್ಚಪ್ಪ ಹಲಗಿ ಕಡೆ ನೋಡಲಿಲ್ಲ. "ಅಂವ ಕರದಿದ್ರ ಬರತಿದ್ದಿಲ್ಲ. ನೀ ಬೇಡಾಕತ್ತಿ, ನನ್ನ ಅಕ್ಕನ ಮಗಾ. ನಾಳೆ ನಾಕ ಮಂದಿ ಕೇಳತಾರ, ಪ್ರತಿಜ್ಞಾ ಯಾಕ ಮುರದಿ ಅಂತ. ಏನ ಹೇಳ್ಲಿ?"

"ನಾ ಇಲ್ಲೇನು ಮಾವ! ನಾನ ಕರದೇನಿ ಅಂತ ನಾನ ಹೇಳತೇನಿ. ನಿನ್ನ ಮ್ಯಾಲೆ ಒಂದ ಮಾತ ಬರಗೊಡೂದಿಲ್ಲ."

"ಹಂಗಂದ್ರ ಬರತೇನಿ" ಅಂದ ಮುದುಕ. ಅಷ್ಟು ಹಗುರ ನಂಬಿಬಿಟ್ಟ.

ಸಭಾದ ದಿನ ಮುಂಜಾನೆ ರಸ್ತೆದ ಬದಿಗೆ ಹುಲ್ಲ ಉರಿ ಮಾಡಿ ಹುಚ್ಚಪ್ಪ ಹಲಗಿ ಕಾಸಿದ. ಐದು ವರ್ಷ ಕೈ ಕಟ್ಟಿದ ಮನುಷ್ಯಾ, ಮೊದಲ ನಾಕ ಪೆಟ್ಟಿಗೆ ಬೆರಳು ತಡವರಿಸಿದವು. ಆಮ್ಯಾಲೆ ಹತ್ತಿತು ನೋಡ್ರಿ! ಜೀಪಿನ್ಯಾಗ ನಿಂತ ಮಂತ್ರಿ ಕುಣ್ಯೂದೊಂದು ಬಾಕಿ. ಕೇರಿ ಮಂದಿ ಮಾತ್ರ ರಸ್ತೆದ ಎರಡೂ ಕಡೆ ನಿಂತು ಒಬ್ಬರ ಮಾರಿ ಒಬ್ಬರು ನೋಡಾಕತ್ತಿದ್ರು. ಮುದಕವ್ವನ ಸಾವು ಎಲ್ಲಾರಿಗೂ ನೆನಪಿತ್ತು.

ಸಭಾ ಸುರು ಆತು. ಅರ್ಜುನಪ್ಪ ಮೈಕಿನ ಮುಂದ ಭಾಷಣಕ್ಕ ನಿಂತ. ಹುಬ್ಬಳ್ಳಿಯಿಂದ ಬಂದಿದ್ದ ಒಬ್ಬ ಸಾಲಿ ಮಾಸ್ತರ, ಅವರೂ ದೀಕ್ಷಾ ತಗೊಂಡವರು, ಮಂದಿ ನಡುವ ಎದ್ದು ನಿಂತ್ರು. "ಅರ್ಜುನಪ್ಪನವರ, ಹಲಗಿ ಸುಡಿಸಿದವರು ನೀವು. ಇವತ್ತು ಮಂತ್ರಿಗಳ ಜೀಪಿನ ಮುಂದ ನಮ್ಮ ಹಿರೇ ಮನುಷ್ಯಾನ ಕೈಯಾಗ ಹಲಗಿ ಹಿಡಿಸಿದವರು ಯಾರ್ರಿ?"

ಮಂತ್ರಿ ಅರ್ಜುನಪ್ಪನ್ನ ನೋಡಿದ್ರು. ಅರ್ಜುನಪ್ಪ ಮೈಕು ಹತ್ರ ಎಳಕೊಂಡ.

"ನಾವೇನು ಮಾಡೂಣ್ರಿ, ಕೆಲವು ಮುದುಕರಿಗೆ ಹಳೇ ಚಟಾ ಬಿಡವಲ್ದು. ದೊಡ್ಡ ಮಂದಿ ಬಂದ್ರು ಅಂದ ಕೂಡ್ಲೆ, ಯಾರೂ ಕರೀದನ, ಹಲಗಿ ತಗೊಂಡು ಓಡಿ ಬರತಾರ. ಇಂಥವರಿಂದನ ನಾವು ಹಿಂದ ಉಳದೇವಿ." ಅಂದಾಂವ, ವೇದಿಕಿ ಮೂಲ್ಯಾಗ ನೀರಿನ ತಂಬಿಗಿ ಹಿಡಕೊಂಡು ನಿಂತಿದ್ದ ಉಡಚಪ್ಪನ ಕಡೆ ಮೈಕು ಹೊಳ್ಳಿಸಿದ. "ಹುಚ್ಚಪ್ಪನ ಅಳಿಯಾನ ಇಲ್ಲೇ ಅದಾನ, ಕೇಳ್ರಿ. ಹೌದಲ್ಲೋ ಉಡಚಪ್ಪ, ಯಾರರ ಕರದಿದ್ರೇನು?"

ಹುಚ್ಚಪ್ಪ ಕೆಳಗ ನೆಲದ ಮ್ಯಾಲೆ ಕುಂತಿದ್ದ. ಹಲಗಿ ತೊಡಿ ಮ್ಯಾಲೆ ಇತ್ತು, ಟಾವೆಲ್ಲಿಲೆ ಬೆವರು ಒರಿಸ್ಕೊಳ್ಳಾಕತ್ತಿದ್ದ. ಅವನ ಕೈ ನಿಂತಿತು. ಉಡಚಪ್ಪಗ ಅದು ಕಾಣಿಸ್ತು. ನಾನ ಕರದೇನಿ ಅನ್ನೂದು ಗಂಟಲತನಾ ಬಂದಿತ್ತು, ಖರೇನ ಬಂದಿತ್ತು.

"ಯಾರೂ ಕರದಿಲ್ರಿ" ಅಂದ.

ಬೇವಿನ ಗಿಡಕ್ಕ ಕಟ್ಟಿದ ಭೋಂಗಾದಾಗಿಂದ ಆ ಮಾತು ಊರಿಗೆಲ್ಲಾ ಕೇಳಿಸ್ತು. ಹಿಂದಿನ ಸಾಲಿನವರು ಚಪ್ಪಾಳಿ ಹೊಡದ್ರು. ಮಾಸ್ತರು ಕುಂತ್ರು. ಹುಚ್ಚಪ್ಪ ತಲಿ ಎತ್ತಲಿಲ್ಲ. ಎತ್ತಿ ಒಮ್ಮೆ ಸಿಟ್ಟಿಲೆ ನೋಡಿದ್ರೂ ಉಡಚಪ್ಪಗ ಸಮಾಧಾನ ಆಗತಿತ್ತು. ಮುದುಕ ಹಲಗಿಯ ಚರ್ಮದ ಮ್ಯಾಲಿನ ಧೂಳ ಅಂಗೈಲೆ ಒರಸ್ಕೋತ ಕುಂತ.

ಸಂಜಿಮುಂದ ಕೇರಿ ಹಿರ್ಯಾರು ಹುಚ್ಚಪ್ಪನ್ನ ಬಾಬಾಸಾಹೇಬರ ಫೋಟೋದ ಮುಂದ ಕರದ್ರು. "ನಿನ್ನ ಯಾರೋ ಕರದಿರಬೇಕು, ಹೆಸರ ಹೇಳು, ಬಿಟ್ಟಬಿಡತೇವಿ" ಅಂದ್ರು. ಪಾಪ, ಅವರಿಗೂ ಮುದುಕನ ಮ್ಯಾಲೆ ಮಮತಾ ಇತ್ತು. ಉಡಚಪ್ಪ ಬಾಗಿಲ ಹಿಂದ ನಿಂತಿದ್ದ.

"ಅಳಿಯಾ ಹೇಳಿದ್ನಲ್ರಿ, ಯಾರೂ ಕರದಿಲ್ಲಂತ. ನಾನ ಹೋದೆ" ಅಂದ ಹುಚ್ಚಪ್ಪ. ನೆಲಕ್ಕ ಹಣಿ ಹಚ್ಚಿ ತಪ್ಪಾತು ಅಂದ. ಆ ವಯಸ್ಸಿಗೆ ಬಗ್ಗಿದಾಂವ ಮತ್ತ ಏಳಾಕ ಇಬ್ಬರು ಕೈ ಹಿಡೀಬೇಕಾತು. ಉಡಚಪ್ಪ ಆ ಇಬ್ಬರಾಗ ಒಬ್ಬ ಆಗಾಕನೂ ಮುಂದ ಬರಲಿಲ್ಲ. ಯಾವ ಮಾರಿ ಹೊತ್ತು ಬರಬೇಕು?

ಮನ್ಯಾಗ ಶೇವಂತೆವ್ವ ರೊಟ್ಟಿ ತಾಟು ಅವನ ಮುಂದ ದೂಡಿದಳು.

"ನಮ್ಮಪ್ಪ ನಮ್ಮವ್ವನ ಹೆಣದ ಮುಂದ ಬಾರಸಲಿಲ್ಲ. ನಿನ್ನ ಸಲುವಾಗಿ ಬಾರಿಸಿದ. ಒಂದ ಖರೇ ಮಾತ ಆಡಾಕ ನಿನಗೇನ ಧಾಡಿಯಾಗಿತ್ತು?"

"ಅಣ್ಣಾರು..."

"ಅಣ್ಣಾರು ನಿನ್ನ ನಾಲಿಗಿ ಹಿಡಕೊಂಡಿದ್ರೇನು? ಮೈಕಿನ್ಯಾಗ ಕೇಳಿದ್ದು ನಿನ್ನ ಧ್ವನಿ. ಅಂದು ಹಲಗಿ ಹರದ ಕೈನೂ ನಿಂದ." ಅಂದಾಕಿ ಒಲಿ ಕಡೆ ಹೊಳ್ಳಿ ಕುಂತಳು, ಸೆರಗು ಬಾಯಾಗ ತುರಕೊಂಡು. ಉಡಚಪ್ಪ ತಾಟು ಬಿಟ್ಟು ಎದ್ದ. ತನ್ನ ಮೈ ತನಗ ಹೇಸಿಗಿ ಬಂತು.

ಬೆಳಗಾತು. ಉಡಚಪ್ಪ ಮಾವನ ಕಟ್ಟಿ ಮ್ಯಾಲಿದ್ದ ಹಲಗಿ ತಗೊಂಡ. ಹುಚ್ಚಪ್ಪ ನೋಡಿದ, ಕೇಳಲಿಲ್ಲ. ಹಿಂದಕ ಊರಾಗ ಡಂಗುರ ಸಾರೂದು ಉಡಚಪ್ಪನ ಮನಿತನದ ಚಾಕರಿ. ಅವನ ಅಜ್ಜ ಹಲಗಿ ಬಡಕೋತ ಓಣಿಓಣಿ ತಿರಗಿ ಕಂದಾಯದ ಸುದ್ದಿ, ಕಳವಿನ ಸುದ್ದಿ ಸಾರತಿದ್ದ. ಉಡಚಪ್ಪಗ ಹಲಗಿ ಕಾಸಾಕನೂ ಬರತಿದ್ದಿಲ್ಲ. ಹಂಗ ಥಂಡಿ ಹಲಗಿ ಕೊರಳಿಗೆ ಹಾಕೊಂಡು ಕೇರಿ ನಡುವ ನಿಂತ. ವರ್ಕಶಾಪಿಗೆ ಹೊಂಟ ಮಂದಿ ಸೈಕಲ್ ನಿಲ್ಲಿಸಿದ್ರು. ನಳದ ಮುಂದಿನ ಹೆಣ್ಮಕ್ಕಳು ಕೊಡಾ ಕೆಳಗಿಟ್ರು.

"ಕೇಳ್ರಪೋ ಕೇಳ್ರಿ! ಹುಚ್ಚಪ್ಪ ತಾನಾಗಿ ಬಂದಿದ್ದಿಲ್ಲ! ಕೈ ಹಿಡದು ಬೇಡಿ ಕರದಾಂವ ನಾನು! ನಿನ್ನೆ ಮೈಕಿನ್ಯಾಗ ಸುಳ್ಳ ಹೇಳಿದಾಂವ ನಾನು! ಹುಚ್ಚಪ್ಪಂದು ತಪ್ಪಿಲ್ಲ, ತಪ್ಪು ನಂದು!"

ಡಬ್ ಡಬ್ ಅಂತ ಸತ್ತ ಸಪ್ಪಳ. ಒಂದೂ ಪೆಟ್ಟು ಜಾಗಾಕ್ಕ ಬೀಳಲಿಲ್ಲ. ಆದ್ರೂ ಓಣಿ ತಿರಗಿದ, ಓಣಿಗೊಮ್ಮೆ ಸಾರಿದ. ಅರ್ಜುನಪ್ಪನ ಹೆಸರು ಬೇಕಂತನ ಬಿಟ್ಟಿದ್ದ. ಜನ್ಮಾ ಪೂರ್ತಿ ಅಣ್ಣಾರ್ನ ಮುಂದ ಮಾಡಿ ಹಿಂದ ನಿಂತೇನಿ, ಇವತ್ತರ ನನ್ನ ತಪ್ಪಿನ ಮುಂದ ನಾನ ನಿಲ್ಲಬೇಕು ಅಂತ ಅವನ ಮನಸಿನ್ಯಾಗ. ಒಂದೀಟು ಅಂಜಿಕಿನೂ ಇತ್ತೇನೋ, ಇಲ್ಲ ಅನ್ನಾಕ ಆಗೂದಿಲ್ಲ.

ಕಡೀಕ ಅರ್ಜುನಪ್ಪನ ಬಾಗಿಲಿಗೆ ಬಂದು ನಿಂತ. ಹಿಂದ ಕೇರಿಯೆಲ್ಲಾ ಬಂದಿತ್ತು. ಅಲ್ಲೂ ಸಾರಿದ, ಎಲ್ಲಾ ಓಣಿಕಿಂತ ಜೋರ ಸಾರಿದ. ಅರ್ಜುನಪ್ಪ ಹೊರಗ ಬಂದು ಕಂಬಾ ಹಿಡಕೊಂಡು ಪೂರ್ತಿ ಕೇಳಿದ. ಮಾರಿ ಮೊದಲು ಬಿಳಚಿತು. ಕೇಳಿ ಮುಗಿಯೂದರಾಗ ಬಣ್ಣ ಹೊಳ್ಳಿ ಬಂತು. ಮೆಟ್ಟಲ ಇಳದು ಬಂದು ಉಡಚಪ್ಪನ ಬೆನ್ನ ಮ್ಯಾಲೆ ಕೈ ಇಟ್ಟ.

"ಭೇಷ್, ಉಡಚಪ್ಪ" ಅಂದ, ಅವಗಷ್ಟ ಕೇಳೂವಂಗ. "ಎಲ್ಲಾ ನಿನ್ನ ಮ್ಯಾಲೆ ಹಾಕೊಂಡಿ. ನನ್ನ ಹೆಸರು ಒಂದ ಸರ್ತಿನೂ ಎತ್ತಲಿಲ್ಲ. ನಂಬಿಗಿ ಮನುಷ್ಯಾ ಅಂದ್ರ ನೀನ ನೋಡು."

ಬೆನ್ನ ಮ್ಯಾಲಿನ ಆ ಕೈ ಎಲ್ಲಾರಿಗೂ ಕಂಡಿತು. ಮಂದ್ಯಾಗ ಯಾರೋ, "ಓಹೋ, ಇದನ್ನೂ ಅಣ್ಣಾರ ಹೇಳಿ ಮಾಡಿಸಿರಬೇಕು" ಅಂದ್ರು. ಕೆಲವರು ನಕ್ಕರು. ಉಡಚಪ್ಪನ ಕಿವಿ ಸುಟ್ಟಂಗಾತು. ಭೂಮಿ ಬಾಯಿ ತಗದಿದ್ರ ಹೊಕ್ಕೊಂಡ ಬಿಡತಿದ್ದ. ಮಂದಿ ಹಿಂದ ಹುಚ್ಚಪ್ಪ ಕೋಲ ಊರಿಕೊಂಡು ನಿಂತಿದ್ದ, ಅವನೂ ಆ ಕೈ ನೋಡಿದ.

ಈಗ ಹೇಳಬೇಕಿತ್ತು. ಕರದಾಂವ ನಾನು, ಕರಿ ಅಂತ ಅಣ್ಣಾರು ಹೇಳ್ಯಾರ. ಅದ ಮಾತು, ದಿನಾ ಆಡಿದ ಮಾತು. ಉಡಚಪ್ಪ ಕೋಲ ಎತ್ತಿ ಹಲಗಿ ಬಡದ. "ಕೇಳ್ರಪೋ ಕೇಳ್ರಿ! ಅಣ್ಣಾರು..." ಅಂದ.

ಬೆನ್ನ ಮ್ಯಾಲಿನ ಕೈ ಒಂದೀಟು ಬಿಗಿಯಾತು. "ಅಣ್ಣಾರು..." ಅಂತ ಮತ್ತ ಅಂದ. ಮುಂದ ಬಾಯಿ ಏಳಲಿಲ್ಲ. ಸುಳ್ಳಿದ್ದಾಗೂ ಹರಳ ಹುರದಂಗ ಆಡಿದ ಮಾತು ಇವತ್ತು ಖರೇ ಇತ್ತು, ಅದಕ್ಕ ಹೊರಗ ಬರಲಿಲ್ಲ. ಮಂದಿ ಸ್ವಲ್ಪೊತ್ತು ಕಾದು, ಸೈಕಲ್ ಹತ್ತಿ ಹೋದ್ರು. ಹೆಣ್ಮಕ್ಕಳು ನಳದ ಕಡೆ ಹೋದ್ರು.

ಹುಚ್ಚಪ್ಪ ಸಾವಕಾಶ ಬಂದು ಉಡಚಪ್ಪನ ಕೊರಳಾಗಿಂದ ಹಲಗಿ ತಗದ.

"ಕೊಡಿಲ್ಲೆ. ನಿನಗ ಬಾರಸಾಕ ಬರೂದಿಲ್ಲ" ಅಂದ. ಹಲಗಿ ಬಗಲಾಗ ಹಿಡಕೊಂಡು, ಕೋಲ ಊರಕೋತ ಮನಿ ಕಡೆ ನಡದ.