ಪಿಕಪ್ಪಿನ ಕೊಂಡಿ

"ಕಣ್ಣು ಮುಚ್ಚಿಕೊಂಡು ವ್ಯಾನ್ ತಗೊಳ್ಳಿ ಅತ್ತಿಗೆ," ಎಂದ ಮೈದುನ, ಅದರ ಪಕ್ಕದ ಬಾಗಿಲನ್ನು ಮೂರನೆಯ ಸಲ ಸರಿಸಿ ತೋರಿಸುತ್ತಾ. "ಎಂಟು ವರ್ಷ ಓಡಿದೆ, ಅಷ್ಟೇ. ಮಳೆ ಬಂದರೂ ಸೋಫಾ ನೆನೆಯಲ್ಲ. ನಿಮ್ಮ ಪಿಕಪ್ಪಿಗೆ ಇಪ್ಪತ್ತೆರಡು. ನಿಮಗಿಂತ ಅದಕ್ಕೇ ಮಂಡಿನೋವು ಜಾಸ್ತಿ."

ಹಳೆಯ ಗಾಡಿಗಳನ್ನು ಮಾರುವ ಆ ಅಂಗಳದಲ್ಲಿ ಎರಡೂ ಅಕ್ಕಪಕ್ಕ ನಿಂತಿದ್ದವು. ಅವಳು ಸೀರೆಗೆ ಸಿಕ್ಕಿಸಿಕೊಂಡಿದ್ದ ಟೇಪನ್ನು ತೆಗೆದು ವ್ಯಾನಿನೊಳಗೆ ಅಳೆದಳು. ಮೂವರು ಕೂರುವ ಸೋಫಾ ಹಿಡಿಸುತ್ತದೆ. ಮೇಲೆ ನಾಲ್ಕು ಬೆರಳು ಉಳಿಯುತ್ತದೆ.

"ಹಿಂದೆ ನಿಲ್ಲೋಕೆ ಜಾಗ ಇಲ್ಲ."

"ಯಾರು ನಿಲ್ಲಬೇಕು ಅತ್ತಿಗೆ?"

ಅವಳು ಟೇಪನ್ನು ಸುತ್ತಿಟ್ಟಳು.

ಹದಿನೆಂಟು ವರ್ಷ ಅವಳೂ ಗಂಡನೂ ಸೋಫಾ ರಿಪೇರಿ ಮಾಡಿ ಮನೆಮನೆಗೆ ತಲುಪಿಸಿದ್ದರು. ಗಂಡನಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಅವಳು ಓಡಿಸಿದರೆ ಅವನು ಹಿಂದೆ ಸೋಫಾ ಹಿಡಿದು ನಿಲ್ಲುವನು. ಹಗ್ಗ ಬಿಗಿದಾದ ಮೇಲೆ ಅವಳ ತಲೆಯ ಮೇಲಿನ ತಗಡಿಗೆ ಎರಡು ಸಲ ತಟ್ಟುವನು. ತಟ್, ತಟ್. ಅವಳು ತಿರುಗಿಯೂ ನೋಡದೆ ಹೊರಡುವಳು. ಅವನು ತೀರಿಹೋದ ಮೇಲೆ ಸೋಫಾ ಹೇರಿಕೊಂಡು ಗಾಡಿ ಹೊರಟಿಲ್ಲ. ಹೊಲಿದು ಮುಗಿಸಿದ ಐದು ಸೋಫಾ ಅಂಗಡಿಯಲ್ಲೇ ಕೂತಿವೆ.

ಗಾಳಿ ಬೀಸಿತು. ಪಿಕಪ್ಪಿನ ಪಕ್ಕದ ಹಲಗೆಯಲ್ಲಿ ಹಗ್ಗ ಕಟ್ಟುವ ಕಬ್ಬಿಣದ ಕೊಂಡಿ ಅಲುಗಿತು. ತಟ್, ತಟ್.

"ಇದೊಂದು ಸಡಿಲ," ಎಂದು ಮೈದುನ ಕೈ ಹಾಕಿದ. "ಬಿಗಿ ಮಾಡಿಸೋಣ, ಕೊಳ್ಳೋರಿಗೆ ತೊಂದರೆ."

"ಆವತ್ತು ಬಡಿದಿದ್ದು ಅದೇ," ಎಂದಳು.

"ಯಾವತ್ತು?"

"ನಿಮ್ಮಣ್ಣ ಇನ್ನೂ ಅಂಚಲ್ಲಿ ನಿಂತು ಕೊನೇ ಗಂಟು ಹಾಕ್ತಿದ್ದರು. ನಾನು ಅವರೇ ತಟ್ಟಿದರು ಅಂದುಕೊಂಡು ಹೊರಟುಬಿಟ್ಟೆ. ಕಾಲು ಜಾರಿ ಬಿದ್ದರು ಅಂತ ಎಲ್ಲರೂ ಅಂದರು. ನಾನೂ ಹಾಗೇ ಅಂದೆ."

ಮೈದುನನ ಕೈ ಕೊಂಡಿಯ ಮೇಲೇ ನಿಂತಿತು. ಅಂಗಳದಾಚೆ ಯಾರೋ ಟೈರಿಗೆ ಗಾಳಿ ತುಂಬಿಸುತ್ತಿದ್ದರು. ಅವನು ಕೊಂಡಿಯನ್ನು ಬಿಟ್ಟ. ಆಮೇಲೆ ಜೇಬಿನಿಂದ ವ್ಯಾನಿನ ಕೀಲಿ ತೆಗೆದು, ಅವಳ ಅಂಗೈಯಲ್ಲಿಟ್ಟು, ಬೆರಳು ಮಡಚಿದ.

"ಒಂದು ಸುತ್ತು ಹೋಗಿಬನ್ನಿ ಅತ್ತಿಗೆ."

ಅವಳು ಹತ್ತಿ ಕೂತಳು. ಇಂಜಿನ್ ಗುರುಗುಟ್ಟಿತು. ಕ್ಲಚ್ ಒತ್ತಿದ ಕಾಲು ಮೇಲೇಳಲಿಲ್ಲ. ಇಳಿದು ಹಿಂದೆ ಹೋದಳು, ಬಗ್ಗಿ ನೋಡಿದಳು. ಮೈದುನ ಮಾತ್ರ ಇದ್ದ. ಮತ್ತೆ ಬಂದು ಕೂತಳು. ಕಾಲು ಮತ್ತೆ ಹಾಗೇ.

ಮೈದುನ ನೋಡುತ್ತಿದ್ದ. ನಿಧಾನವಾಗಿ ಹತ್ತು ಹೆಜ್ಜೆ ಹಿಂದೆ ಸರಿದು, ಗೋಡೆಗೆ ಬೆನ್ನು ಕೊಟ್ಟು, ಕನ್ನಡಿಯಲ್ಲಿ ಪೂರ್ತಿ ಕಾಣುವಂತೆ ನಿಂತ. ಎರಡೂ ಕೈ ಮೇಲೆತ್ತಿದ. ಅಣ್ಣನವೇ ಅನ್ನುವಂಥ ಅಗಲ ಕೈಗಳು.

ಗಾಳಿ ಬೀಸಿತು. ತಟ್, ತಟ್.

ಅವಳು ಕನ್ನಡಿ ನೋಡಿದಳು. ಕೈಗಳು ಮೇಲೆಯೇ ಇದ್ದವು, ಏನನ್ನೂ ಮುಟ್ಟದೆ. ವ್ಯಾನ್ ಮೆಲ್ಲಗೆ ಮುಂದೆ ಸರಿಯಿತು. ಗೇಟು ದಾಟುವ ತನಕ ಅವು ಇಳಿಯಲಿಲ್ಲ.