ಕೊಚ್ಚಿಯಲ್ಲಿ ಬಿಟ್ಟು ಬಂದ ಸೊಳ್ಳೆಪರದೆ

ಹಾಸಿಗೆ ಹಾಸುವ ಹೊತ್ತು ಹತ್ತಿರವಾದಂತೆ ಸುಮಿತ್ರಳಿಗೆ ಆತಂಕ ಶುರುವಾಗುತ್ತಿತ್ತು. ಗಂಡ ಗಣಪತಿಯನ್ನು ಬ್ಯಾಂಕಿನವರು ಕೊಚ್ಚಿಯಿಂದ ತಿರುವನಂತಪುರಕ್ಕೆ ವರ್ಗ ಮಾಡಿದ ಮೇಲೆ, ಆರು ವರ್ಷದ ಮಗಳು ಮೋಹಿನಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ಮಾತು ಬಾರದ ಮಗು ಕಿರುಚುತ್ತಿತ್ತು, ಮನೆಯೆಲ್ಲ ಸುತ್ತುತ್ತಿತ್ತು. ಮಹಡಿಯ ಮೇಲಿದ್ದ ಮನೆಯೊಡತಿ, "ಅಮ್ಮ ಮುದ್ದಿನಿಂದ ನೋಡಿಕೊಂಡಿದ್ದರೆ ಮಗಳು ಹೀಗಾಗ್ತಿದ್ದಳಾ?" ಎಂದು ಕೇಳಿಬಿಟ್ಟಿದ್ದಳು.

ಆ ಭಾನುವಾರ ಸಂಜೆ ಗಣಪತಿ ಜೇಬಿನಿಂದ ಒಂದು ಮಾತ್ರೆ ತೆಗೆದು ಮೇಜಿನ ಮೇಲಿಟ್ಟ. ಸಹೋದ್ಯೋಗಿಯ ತಾಯಿ ನುಂಗುವ ನಿದ್ದೆಮಾತ್ರೆ.

"ಇವತ್ತು ಅರ್ಧ ಕೊಡುವ."

"ದೊಡ್ಡವರದ್ದಲ್ವಾ? ಹೆಚ್ಚುಕಮ್ಮಿ ಆದ್ರೆ?"

"ಮತ್ತೆಂತ ಮಾಡುದು? ಬ್ಯಾಂಕಿನ ರಾತ್ರಿ ಕಾವಲಿಗೆ ಇವಳನ್ನೇ ಕಳಿಸುದಾ?"

ಅಷ್ಟರಲ್ಲಿ ಹರಿಣಾಕ್ಷಿ ಬಂದರು. ಸುಮಿತ್ರಳ ತವರೂರು ಕಾಸರಗೋಡಿನವರು; ಇಲ್ಲಿ ಮಕ್ಕಳ ಡಾಕ್ಟರು. ವಿಷಯ ಕೇಳಿದವರೇ ಮಾತ್ರೆಯನ್ನು ಎತ್ತಿ ಕೈಯಲ್ಲಿ ಹಿಡಿದುಕೊಂಡರು.

"ಇದು ಬೇಡ ಗಣಪತಿ. ಮಗುವಿನ ಉಸಿರಿಗೇ ಕುತ್ತು ಬರಬಹುದು."

"ಕಿರುಚುದು ನಿಮ್ಮ ಮನೆಯಲ್ಲಿ ಅಲ್ಲವಲ್ಲ ಅಕ್ಕ!"

"ಒಪ್ಪಿದೆ. ಆದ್ರೆ ಇವಳಿಗೆ ಆಟಿಸಂ ಅಂತ ಕೊಚ್ಚಿಯ ಡಾಕ್ಟರು ಹೇಳಿದ್ದರಲ್ಲ? ಇಂಥ ಎಷ್ಟೋ ಮಕ್ಕಳಿಗೆ ನಿದ್ದೆಯ ತೊಂದರೆ ಇರ್ತದೆ. ಅದು ತಾಯಿಯ ತಪ್ಪಲ್ಲ, ಕೇಳಿತಾ ಸುಮಿತ್ರ? ಕೊಚ್ಚಿಯಲ್ಲಿ ಹೇಗೆ ಮಲಗ್ತಿದ್ದಳು?"

ಸುಮಿತ್ರ ಕಣ್ಣೊರೆಸಿಕೊಂಡಳು. "ತಡ ಆಗ್ತಿತ್ತು. ಆದ್ರೆ ಸೊಳ್ಳೆಪರದೆ ಒಳಗೆ ಹೋದ್ರೆ ಮಲಗ್ತಿದ್ದಳು. ಇಲ್ಲಿ ಸೊಳ್ಳೆ ಕಮ್ಮಿ, ಫ್ಯಾನೂ ಉಂಟಲ್ಲ ಅಂತ ಬರುವಾಗ ಅದನ್ನು ಕೆಲಸದವಳಿಗೆ ಕೊಟ್ಟೆ."

ಹರಿಣಾಕ್ಷಿ ಬಗ್ಗಿ ನೋಡಿದರು. ಮೋಹಿನಿ ಮೇಜಿನ ಕೆಳಗೆ, ಇಳಿಬಿದ್ದ ಮೇಜುಬಟ್ಟೆಯ ಮರೆಯಲ್ಲಿ ಸುಮ್ಮನೆ ಕುಳಿತಿದ್ದಳು.

"ನೋಡು. ಸಣ್ಣ ಬದಲಾವಣೆಯೂ ಇವರಿಗೆ ದೊಡ್ಡದು ಮಾರಾಯ್ತಿ. ನಿಮಗೆ ಅದು ಪರದೆ, ಅವಳಿಗೆ ಅದೇ ಮಲಗುವ ಕೋಣೆ."

"ಒಂದು ಪರದೆಯಿಂದ ಎಲ್ಲ ಸರಿ ಆಗ್ತದಾ?" ಗಣಪತಿ ಬಿಡಲಿಲ್ಲ.

"ಹಾಗೆ ನಾನು ಹೇಳುದಿಲ್ಲ. ಊಟ, ಸ್ನಾನ, ಹಾಸಿಗೆ ದಿನಾ ಅದೇ ಹೊತ್ತಿಗೆ, ಅದೇ ಕ್ರಮದಲ್ಲಿ ಆಗ್ಲಿ. ಆಮೇಲೆ ರೇಡಿಯೋ ಬೇಡ, ಬೆಳಕು ಕಮ್ಮಿ ಇರ್ಲಿ. ಫ್ಯಾನಿನ ಸದ್ದು ಅವಳಿಗೆ ಆಗ್ತದಾ ನೋಡಿ. ನಾಳೆ ಆಸ್ಪತ್ರೆಗೆ ಕರಕೊಂಡು ಬನ್ನಿ. ಕಿವಿನೋವು, ಹುಳದ ಬಾಧೆ, ಫಿಟ್ಸ್ ಉಂಟಾ ಅಂತ ಪರೀಕ್ಷೆ ಮಾಡುವ. ಮದ್ದು ಬೇಕಾ ಬೇಡವಾ ಅಂತ ಆಮೇಲೆ ಹೇಳ್ತೇನೆ."

ಮರುದಿನ ಪರೀಕ್ಷೆಯಲ್ಲಿ ಬೇರೆ ಬಾಧೆ ಏನೂ ಕಾಣಲಿಲ್ಲ; ಸದ್ಯಕ್ಕೆ ಮದ್ದು ಬೇಡ ಎಂದರು ಹರಿಣಾಕ್ಷಿ. ಆಸ್ಪತ್ರೆಯಿಂದ ಬರುತ್ತ ಗಣಪತಿ ಚಾಲೆ ಪೇಟೆಯಲ್ಲಿ ಪರದೆ ಕೊಂಡ. ಮೊದಲ ಕೆಲವು ದಿನ ಏನೂ ಬದಲಾಗಲಿಲ್ಲ. ಸುಮಿತ್ರಳ ಆತಂಕ ಇನ್ನೂ ಹೆಚ್ಚಿತು. ಆದರೂ ಅವರು ಕ್ರಮ ತಪ್ಪಿಸಲಿಲ್ಲ. ವಾರಗಳು ಕಳೆದಂತೆ ಮೋಹಿನಿ ತಾನಾಗಿ ಪರದೆಯೊಳಗೆ ನುಸುಳತೊಡಗಿದಳು. ಈಗಲೂ ಒಮ್ಮೊಮ್ಮೆ ಎದ್ದು ಅಳುತ್ತಾಳೆ. ಆಗ ಗಣಪತಿ ಸುಮಿತ್ರಳಿಗೆ, "ನೀನು ಮಲಗು, ನಾನು ಕೂತ್ಕೊಳ್ತೇನೆ" ಎನ್ನುತ್ತಾನೆ.

ಓದುಗರೇ, ನಿಮ್ಮ ಮಗುವಿಗೂ ಹೀಗೆ ನಿದ್ದೆ ಬಾರದಿದ್ದರೆ ಬೇರೆಯವರ ಮಾತ್ರೆ ಕೊಡಬೇಡಿ. ಮಗುವಿನ ದಿನದಲ್ಲಿ ಏನು ಬದಲಾಗಿದೆ ಎಂದು ಗಮನಿಸಿ, ಡಾಕ್ಟರಿಗೆ ತಿಳಿಸಿ. ಇಂಥ ಮನೆಯ ನೆರೆಯವರು ನೀವಾಗಿದ್ದರೆ ತಾಯಿಯನ್ನು ದೂರಬೇಡಿ. ಹಗಲಲ್ಲಿ ಒಂದಿಷ್ಟು ಹೊತ್ತು ಮಗುವನ್ನು ನೋಡಿಕೊಳ್ಳಿ. ಆಕೆಯೂ ನಿದ್ದೆ ಮಾಡಲಿ.